ಎರಡು ಫೈರ್‌ವಾಲ್ ತಂದಿದ್ದಾಯ್ತು, ಈಗ ಕೇಬಲ್ ಎಲ್ಲೆಲ್ಲಿ ಚುಚ್ಚೋದು?

ಮಲೆನಾಡ್_ಲ್ಯಾಬ್

ಎಲ್ಲರಿಗೂ ನಮಸ್ಕಾರ. ಮಲೆನಾಡಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಸಿಸ್ಟಂ ಅಡ್ಮಿನ್ ಆಗಿದ್ದೇನೆ. ಕಳೆದ ಮಳೆಗಾಲದಲ್ಲಿ ಸಿಡಿಲಿಗೆ ನಮ್ಮ ಫೈರ್‌ವಾಲ್ ಸುಟ್ಟುಹೋಯಿತು. ಬದಲಿ ಬರೋವರೆಗೆ ಆಫೀಸಿನವರೆಲ್ಲ ಮೊಬೈಲ್ ಹಾಟ್‌ಸ್ಪಾಟ್ ಮೇಲೆ ಕೆಲಸ ಮಾಡಿದರು. ಪರೀಕ್ಷೆ ದಿನ ಪ್ರಶ್ನೆಪತ್ರಿಕೆಯನ್ನೇ ನೆಟ್‌ನಿಂದ ಇಳಿಸಿಕೊಂಡು ಪ್ರಿಂಟ್ ಹಾಕುವ ಕಾಲ ಇದು. ಹಾಗಾಗಿ ಈ ಸಲ ಪ್ರಿನ್ಸಿಪಾಲರು ಒಂದು ಮಾತೂ ಆಡದೆ ಎರಡು ಬಾಕ್ಸ್‌ಗೆ ಸಹಿ ಹಾಕಿದರು. ಒಂದು ಸತ್ತರೆ ಇನ್ನೊಂದು ತಾನಾಗಿ ಕೆಲಸ ವಹಿಸಿಕೊಳ್ಳಬೇಕು (ಫೇಲೋವರ್) ಅನ್ನೋದು ಲೆಕ್ಕ.

ನಮ್ಮ ಹತ್ತಿರ ಇರೋದು ಇಷ್ಟು: ಒಂದೇ ಮಾಡೆಲ್‌ನ ಎರಡು ಬಾಕ್ಸ್, ತಲಾ ಆರು ಪೋರ್ಟ್, ಎರಡರಲ್ಲೂ ಪಿಎಫ್‌ಸೆನ್ಸ್ ಅನ್ನೋ ಫೈರ್‌ವಾಲ್ ಸಾಫ್ಟ್‌ವೇರ್. ಒಂದು ಲೀಸ್ಡ್ ಲೈನ್, ಅದಕ್ಕೆ ಸ್ಲ್ಯಾಶ್ 29 ಐಪಿ ಕೊಟ್ಟಿದ್ದಾರೆ. ಇನ್ನೊಂದು ಮಾಮೂಲಿ ಫೈಬರ್ ಬ್ರಾಡ್‌ಬ್ಯಾಂಡ್, ಪಿಪಿಪಿಒಇ (ಯೂಸರ್‌ನೇಮ್, ಪಾಸ್‌ವರ್ಡ್ ಹಾಕಿ ಹತ್ತೋ ಥರದ್ದು). ಕೋರ್ ಸ್ವಿಚ್ ಒಂದು, ಅದೇ ಮಾಡೆಲ್‌ದು ಇನ್ನೊಂದು ಬೀರುವಿನಲ್ಲಿ ಡಬ್ಬ ಒಡೆಯದೆ ಇದೆ. ಆಫೀಸ್, ಲ್ಯಾಬ್, ಹಾಸ್ಟೆಲ್, ಸಿಸಿಟಿವಿ ಅಂತ ನಾಲ್ಕು ವಿಲ್ಯಾನ್ (ಒಂದೇ ಸ್ವಿಚ್‌ನಲ್ಲಿ ಬೇರ್ಪಡಿಸಿದ ನೆಟ್‌ವರ್ಕ್), ಎಲ್ಲದರ ರೂಟಿಂಗ್ ಫೈರ್‌ವಾಲ್ ಮೇಲೆಯೇ. ಯುಪಿಎಸ್ ಒಂದೇ.

ಐಎಸ್‌ಪಿಯವರು ಕೊಡೋದು ಒಂದೇ ಕೇಬಲ್. ಅದನ್ನು ಎರಡು ಬಾಕ್ಸ್‌ಗೆ ಹೇಗೆ ಕೊಡೋದು? ಎರಡು ಬಾಕ್ಸ್ ನಡುವಿನ ಸಿಂಕ್ ಕೇಬಲ್ ನೇರ ಹಾಕಬೇಕೋ, ಸ್ವಿಚ್ ಮೂಲಕವೋ? ಆ ಸಿಂಕ್ ಕೇಬಲ್ ಕಿತ್ತುಬಂದರೆ ಎರಡೂ ಬಾಕ್ಸ್ ಒಟ್ಟಿಗೆ ಎದ್ದು ಜಗಳ ಆಡುತ್ತವಾ? ಬಾಕ್ಸ್ ಮಾರಿದವರನ್ನು ಕೇಳಿದರೆ "ಇನ್‌ಸ್ಟಲೇಷನ್ ಚಾರ್ಜ್ ಬೇರೆ ಸರ್" ಅಂದರು, ಅಲ್ಲಿಗೆ ಮುಗೀತು.

ಹೊಸಬ

ಒಂದೇ ಸರ್ವರ್ ಮೇಲೆ ಎರಡು ವಿಎಂ (ವರ್ಚುವಲ್ ಮಷೀನ್) ಮಾಡಿ ಎರಡರಲ್ಲೂ ಪಿಎಫ್‌ಸೆನ್ಸ್ ಹಾಕಿದ್ರೆ ಆಗಲ್ವಾ? ಬಾಕ್ಸ್ ದುಡ್ಡು ಉಳೀತಿತ್ತು.

ಹಳೇಕೇಬಲ್

@ಹೊಸಬ, ಆ ಸರ್ವರ್ರೇ ಸತ್ತರೆ? ಕಲಿಯೋದಕ್ಕೆ ಧಾರಾಳವಾಗಿ ಮಾಡು ಗುರು, ತುಂಬ ಕಲಿಯಬಹುದು. ವಿಎಂವೇರ್ ಆದರೆ ವರ್ಚುವಲ್ ಸ್ವಿಚ್‌ನಲ್ಲಿ ಪ್ರಾಮಿಸ್ಕ್ಯುಯಸ್ ಮೋಡ್, ಫೋರ್ಜ್ಡ್ ಟ್ರಾನ್ಸ್‌ಮಿಟ್, ಮ್ಯಾಕ್ ಬದಲಾವಣೆ ಮೂರಕ್ಕೂ ಅನುಮತಿ ಕೊಡು. ಇಲ್ಲದಿದ್ದರೆ ಕಾರ್ಪ್‌ನ (ಎರಡು ಬಾಕ್ಸ್ ಒಂದು ಐಪಿ ಹಂಚಿಕೊಳ್ಳೋ ವ್ಯವಸ್ಥೆ) ವರ್ಚುವಲ್ ಮ್ಯಾಕ್‌ಗೆ, ಅಂದರೆ ಇಬ್ಬರೂ ಹಂಚಿಕೊಳ್ಳೋ ಪೋರ್ಟ್ ವಿಳಾಸಕ್ಕೆ, ಬರುವ ಪ್ಯಾಕೆಟ್ ನಿನ್ನ ವಿಎಂ ತನಕ ತಲುಪೋದೇ ಇಲ್ಲ. ಕಾಲೇಜು ನಡೆಸೋಕೆ ಮಾತ್ರ ಇದು ಬೇಡ.

@ಮಲೆನಾಡ್_ಲ್ಯಾಬ್, ನಿಮ್ಮ ಪಟ್ಟಿ ಓದಿದೆ. ಫೈರ್‌ವಾಲ್ ಎರಡು, ಆದರೆ ಸ್ವಿಚ್ ಒಂದು, ಯುಪಿಎಸ್ ಒಂದು. ಎರಡು ಬಾವಿ ತೋಡಿ ಹಗ್ಗ ಒಂದೇ ಇಟ್ಟ ಹಾಗಾಯ್ತು. ಫೇಲೋವರ್ ಕೆಲಸ ಮಾಡೋದೂ ಬಿಡೋದೂ ಬಾಕ್ಸ್‌ನ ಸೆಟ್ಟಿಂಗ್‌ನಲ್ಲಿ ಅರ್ಧ ಮಾತ್ರ, ಉಳಿದರ್ಧ ಅದರ ಸುತ್ತಲಿನ ವೈರು, ಸ್ವಿಚ್ಚು, ಕರೆಂಟಿನಲ್ಲಿ ಇರುತ್ತೆ. ಮೊದಲು ಬೀರುವಿನಲ್ಲಿರೋ ಸ್ವಿಚ್ ಹೊರಗೆ ತೆಗೀರಿ. ಇಷ್ಟು ದುಡ್ಡು ಹಾಕಿ ಅದನ್ನು ಡಬ್ಬದಲ್ಲಿ ಇಟ್ಟಿರೋದು ಯಾಕೆ ಅಂತ ನನಗೆ ಅರ್ಥ ಆಗಲಿಲ್ಲ.

ಇನ್ನು ಜಗಳದ ಪ್ರಶ್ನೆ. ಪಿಎಫ್‌ಸೆನ್ಸ್‌ನಲ್ಲಿ ಮೂರು ಬೇರೆ ಬೇರೆ ಕೆಲಸ ನಡೀತಿರುತ್ತೆ, ಜನ ಮೂರನ್ನೂ ಕಲಸಿಬಿಡುತ್ತಾರೆ. ಕಾರ್ಪ್ ಅನ್ನೋದು ಯಾರು ಮಾಸ್ಟರ್ ಅಂತ ತೀರ್ಮಾನ ಮಾಡೋದು. ಪಿಎಫ್‌ಸಿಂಕ್ ಅನ್ನೋದು ಈಗ ತೆರೆದಿರುವ ಕನೆಕ್ಷನ್‌ಗಳ ಲೆಕ್ಕವನ್ನು ಇನ್ನೊಂದು ಬಾಕ್ಸ್‌ಗೆ ದಾಟಿಸೋದು. ಎಕ್ಸ್‌ಎಂಎಲ್‌ಆರ್‌ಪಿಸಿ ಅನ್ನೋದು ರೂಲ್ ಮತ್ತು ಕಾನ್ಫಿಗ್ ನಕಲು ಮಾಡೋದು. ಸಿಂಕ್ ಕೇಬಲ್ ಮೇಲೆ ಓಡೋದು ಎರಡನೆಯದು ಮತ್ತು ಮೂರನೆಯದು ಮಾತ್ರ. ಕಾರ್ಪ್‌ನ "ನಾನಿದ್ದೀನಿ" ಅನ್ನೋ ಪ್ರಕಟಣೆ ವ್ಯಾನ್ (ಹೊರಗಿನ ಕಡೆ), ಲ್ಯಾನ್ (ಒಳಗಿನ ಕಡೆ), ಒಂದೊಂದು ವಿಲ್ಯಾನ್, ಹೀಗೆ ವರ್ಚುವಲ್ ಐಪಿ ಇರೋ ಪ್ರತಿ ಕಡೆ ಆಯಾ ವೈರಿನ ಮೇಲೆಯೇ ಹೋಗುತ್ತೆ. ಅಂದರೆ ಸಿಂಕ್ ಕೇಬಲ್ ಕಿತ್ತರೂ ಮಾಸ್ಟರ್ ಮಾಸ್ಟರ್ ಆಗಿಯೇ ಇರುತ್ತೆ, ಬ್ಯಾಕಪ್ ಬ್ಯಾಕಪ್ ಆಗಿಯೇ. ಆ ಹೊತ್ತಿನಲ್ಲಿ ಫೇಲೋವರ್ ಆದರೆ ತೆರೆದಿದ್ದ ಡೌನ್‌ಲೋಡು, ಎಸ್‌ಎಸ್‌ಎಚ್ ಕಡಿದುಹೋಗಿ ಮತ್ತೆ ಹತ್ತಿಸಬೇಕಾಗುತ್ತೆ, ಅಷ್ಟೇ.

ಕೇಬಲ್ ನೇರವಾಗಿ ಬಾಕ್ಸ್‌ನಿಂದ ಬಾಕ್ಸ್‌ಗೆ ಹಾಕಿ. ಪಿಎಫ್‌ಸಿಂಕ್‌ಗೆ ತನ್ನದೇ ಪಾಸ್‌ವರ್ಡ್ ರಕ್ಷಣೆ ಅಂತ ಏನೂ ಇಲ್ಲ. ಬೇರೆಯವರು ಮೂಗು ತೂರಿಸಬಹುದಾದ ವೈರಿನ ಮೇಲೆ ಅದನ್ನು ಬಿಡಬಾರದು.

ಕುಡ್ಲ_ರೂಟರ್

ಒಂದು ಎಚ್ಚರಿಕೆ ಸೇರಿಸ್ತೇನೆ. ಹಳೇಕೇಬಲ್ ಅಣ್ಣ ಹೇಳಿದ್ದು ಕಾರ್ಪ್‌ಗೆ ಮಾತ್ರ ಸರಿ. ನಮ್ಮಲ್ಲಿ ಫೋರ್ಟಿಗೇಟ್ ಫೈರ್‌ವಾಲ್ ಜೋಡಿ ಉಂಟು, ಅಲ್ಲಿ ಲೆಕ್ಕ ಪೂರ್ತಿ ಉಲ್ಟಾ. ಅದರಲ್ಲಿ ಹಾರ್ಟ್‌ಬೀಟ್ (ಬದುಕಿದ್ದೇನೆ ಅನ್ನುವ ಸಂದೇಶ) ಹೋಗುವುದೇ ಆ ಮಧ್ಯದ ಕೇಬಲ್ ಮೇಲೆ. ಅದು ಕಡಿದರೆ ಎರಡೂ "ನಾನೇ ಪ್ರೈಮರಿ" ಅಂತ ಕೂತುಬಿಡ್ತವೆ, ಎರಡಕ್ಕೂ ಒಂದೇ ಐಪಿ, ಒಂದೇ ವರ್ಚುವಲ್ ಮ್ಯಾಕ್. ಸ್ವಿಚ್‌ಗೆ ಹುಚ್ಚು ಹಿಡಿಯೋದು ಬಾಕಿ ಮಾರಾಯ್ರೆ. ಅದಕ್ಕೇ ಅಲ್ಲಿ ಎರಡು ಹಾರ್ಟ್‌ಬೀಟ್ ಕೇಬಲ್ ಹಾಕಬೇಕು, ಅದೂ ಬೇರೆ ಬೇರೆ ಪೋರ್ಟ್‌ನಿಂದ. ಪಾಲೋ ಆಲ್ಟೋ ಫೈರ್‌ವಾಲ್‌ನಲ್ಲೂ ಹಾಗೆಯೇ: ಕಂಟ್ರೋಲ್‌ಗೆ ಎಚ್‌ಎ1, ಸೆಷನ್‌ಗೆ ಎಚ್‌ಎ2, ಎಚ್‌ಎ1ಗೆ ಒಂದು ಬ್ಯಾಕಪ್ ದಾರಿ ಇಡಿ ಅಂತ ಅವರೇ ಹೇಳ್ತಾರೆ.

ಇನ್ನೊಂದು ವಿಷಯ. ಫೋರ್ಟಿಗೇಟ್‌ನಲ್ಲಿ ಸೆಷನ್ ಪಿಕಪ್ (ತೆರೆದ ಕನೆಕ್ಷನ್ ಇನ್ನೊಂದಕ್ಕೆ ದಾಟಿಸುವುದು) ಅನ್ನುವ ಆಯ್ಕೆ ಡಿಫಾಲ್ಟ್ ಆಗಿ ಆಫ್ ಇರ್ತದೆ. ಎಚ್‌ಎ (ಈ ಜೋಡಿ ವ್ಯವಸ್ಥೆ) ಹಾಕಿಯೂ ಫೇಲೋವರ್ ಆದಾಗ ಎಲ್ಲ ಕನೆಕ್ಷನ್ ಬಿದ್ದುಹೋಗುತ್ತದೆ ಅಂತ ಗೋಳಾಡುವವರು ಮೊದಲು ಅದನ್ನು ನೋಡಬೇಕು.

ಸವಿತಾ_ನೆಟ್

ಮಲೆನಾಡ್_ಲ್ಯಾಬ್ ಅವರೇ, ಮೊದಲು ಐಪಿ ಲೆಕ್ಕ ಮುಗಿಸೋಣ. ಸ್ಲ್ಯಾಶ್ 29ರಲ್ಲಿ ಎಂಟು ವಿಳಾಸ, ಬಳಸಲು ಸಿಗುವುದು ಆರು. ಒಂದು ಐಎಸ್‌ಪಿಯ ಗೇಟ್‌ವೇಗೆ ಹೋಯಿತು. ಮೊದಲ ಬಾಕ್ಸ್‌ಗೆ ಒಂದು, ಎರಡನೆಯದಕ್ಕೆ ಒಂದು, ಇಬ್ಬರೂ ಹಂಚಿಕೊಳ್ಳುವ ಕಾರ್ಪ್ ಐಪಿ ಒಂದು. ಇನ್ನೂ ಎರಡು ಉಳಿಯುತ್ತವೆ, ವೆಬ್‌ಸೈಟ್‌ಗೋ ವಿಪಿಎನ್‌ಗೋ ಆಗುತ್ತವೆ. ಸ್ಲ್ಯಾಶ್ 30 ಕೊಟ್ಟಿದ್ದರೆ ಕಷ್ಟವಿತ್ತು, ಅದರಲ್ಲಿ ಬಳಸಲು ಸಿಗುವುದೇ ಎರಡು.

ಐಎಸ್‌ಪಿಯ ಒಂದು ಕೇಬಲ್ ಒಂದು ಸ್ವಿಚ್‌ಗೆ ಬರಬೇಕು, ಅಲ್ಲಿಂದ ಎರಡು ಬಾಕ್ಸ್‌ಗೂ ಒಂದೊಂದು ಕೇಬಲ್. ಬೇರೆ ದಾರಿ ಇಲ್ಲ. ಹೊಸ ಸ್ವಿಚ್ ಕೊಳ್ಳಬೇಕಾಗಿಲ್ಲ, ಕೋರ್ ಸ್ವಿಚ್‌ನಲ್ಲೇ ಒಂದು ವಿಲ್ಯಾನ್ ಮಾಡಿ ಮೂರು ಪೋರ್ಟ್ ಅದಕ್ಕೆ ಬಿಟ್ಟುಕೊಡಿ. ಆ ವಿಲ್ಯಾನ್‌ಗೆ ಸ್ವಿಚ್‌ನಲ್ಲಿ ಐಪಿ ಕೊಡಬೇಡಿ, ಆ ಪೋರ್ಟ್‌ಗಳಲ್ಲಿ ಎಲ್‌ಎಲ್‌ಡಿಪಿ (ಸ್ವಿಚ್ ತನ್ನ ಪರಿಚಯವನ್ನು ಪಕ್ಕದವರಿಗೆ ಸಾರುವುದು) ಆಫ್ ಮಾಡಿ.

ಬ್ರಾಡ್‌ಬ್ಯಾಂಡ್ ಕಡೆ ಒಂದು ತೊಡಕಿದೆ. ಪಿಪಿಪಿಒಇ ಇಂಟರ್ಫೇಸ್ ಮೇಲೆ ಕಾರ್ಪ್ ಐಪಿ ಕೂರಿಸಲು ಆಗುವುದಿಲ್ಲ. ಸಾಮಾನ್ಯವಾಗಿ ಒಂದು ಖಾತೆಗೆ ಒಂದೇ ಸೆಷನ್ ಬೇರೆ. ಓಎನ್‌ಟಿಯನ್ನು (ಫೈಬರ್ ಬಂದು ಸೇರುವ ಡಬ್ಬ) ಬ್ರಿಜ್ ಮೋಡ್‌ನಿಂದ ರೂಟರ್ ಮೋಡ್‌ಗೆ ಹಾಕಿ, ಪಿಪಿಪಿಒಇ ಅದೇ ಮಾಡಿಕೊಳ್ಳಲಿ. ಓಎನ್‌ಟಿಯ ಹಿಂದೆ ನಾಲ್ಕು ಲ್ಯಾನ್ ಪೋರ್ಟ್ ಇರುತ್ತವಲ್ಲ, ಎರಡು ಬಾಕ್ಸ್‌ನ ಎರಡನೇ ವ್ಯಾನ್ ಅನ್ನು ನೇರ ಅಲ್ಲಿಗೆ ಚುಚ್ಚಿ. ಖಾಸಗಿ ಐಪಿ ಎಷ್ಟು ಬೇಕಾದರೂ ಸಿಗುತ್ತದೆ. ಡಬಲ್ ನ್ಯಾಟ್ (ಎರಡು ಸಲ ಐಪಿ ಬದಲಾಗುವುದು) ಆಗುತ್ತದೆ ನಿಜ, ಹೊರಗಿನಿಂದ ಒಳಗೆ ಬರುವ ಸೇವೆ ಯಾವುದನ್ನೂ ಆ ಲೈನ್ ಮೇಲೆ ಇಡಬೇಡಿ. ಹುಡುಗರ ಯೂಟ್ಯೂಬ್‌ಗೆ ಅದೇನೂ ಅಡ್ಡಿಯಲ್ಲ.

ಹಳೇಕೇಬಲ್

@ಸವಿತಾ_ನೆಟ್, ಮೇಡಂ, ಮಿಕ್ಕದ್ದೆಲ್ಲ ಒಪ್ಪಿದೆ, ಕೋರ್ ಸ್ವಿಚ್‌ನಲ್ಲಿ ವ್ಯಾನ್ ವಿಲ್ಯಾನ್ ಇಡೋದು ಮಾತ್ರ ಒಪ್ಪಲ್ಲ. ಯಾವನೋ ಒಂದು ದಿನ ಸ್ವಿಚ್ ರೀಸೆಟ್ ಮಾಡ್ತಾನೆ, ಎಲ್ಲ ಪೋರ್ಟೂ ವಿಲ್ಯಾನ್ ಒಂದಕ್ಕೆ ಬೀಳುತ್ತೆ, ಐಎಸ್‌ಪಿ ವೈರೂ ನಿಮ್ಮ ಸಿಸಿಟಿವಿಯೂ ಒಂದೇ ಪಂಕ್ತಿಯಲ್ಲಿ. ಫೈರ್‌ವಾಲ್ ಪಕ್ಕದಲ್ಲಿ ಸುಮ್ಮನೆ ನೋಡ್ತಾ ಕೂತಿರುತ್ತೆ. ಎಂಟು ಪೋರ್ಟಿನ ಸಣ್ಣ ಸ್ವಿಚ್ ಎಷ್ಟಾಗುತ್ತೆ? ವ್ಯಾನ್‌ಗೆ ಅಂತ ಒಂದು ಬೇರೆ ಇಡಿ.

ಸವಿತಾ_ನೆಟ್

ಆ ಸಣ್ಣ ಸ್ವಿಚ್‌ಗೆ ಒಂದು ಸಣ್ಣ ಅಡಾಪ್ಟರ್ ಇರುತ್ತದೆ. ಇಡೀ ರ್‍ಯಾಕ್‌ನಲ್ಲಿ ಮೊದಲು ಸಾಯುವುದು ಅದೇ. ಎರಡು ಫೈರ್‌ವಾಲ್‌ನ ಮುಂದೆ ಅತಿ ದುರ್ಬಲವಾದ ವಸ್ತುವನ್ನು ಇಟ್ಟಂತಾಯಿತು. ಕೋರ್ ಸ್ವಿಚ್‌ಗೆ ಕೈ ಹಾಕುವವರು ಯಾರು ಎಂಬುದು ನಿಗದಿಯಾಗಿರುವ ಕಡೆ ವಿಲ್ಯಾನ್ ಸಾಕು. ಗೊತ್ತುಗುರಿಯಿಲ್ಲದೆ ಎಲ್ಲರೂ ಲಾಗಿನ್ ಆಗುವ ಕಡೆ ನೀವು ಹೇಳಿದ್ದೇ ಸರಿ.

ಮಲೆನಾಡ್_ಲ್ಯಾಬ್

ನಮ್ಮಲ್ಲಿ ಎರಡನೆಯದೇ ಸ್ಥಿತಿ ಮೇಡಂ 😀 ಎಚ್‌ಒಡಿಗಳ ಹತ್ತಿರವೂ ಸ್ವಿಚ್ ಪಾಸ್‌ವರ್ಡ್ ಇದೆ. ಲ್ಯಾಬಿನ ಹಳೇ ಎಂಟು ಪೋರ್ಟ್ ಸ್ವಿಚ್ ಎರಡಿವೆ. ಒಂದನ್ನು ಲೀಸ್ಡ್ ಲೈನ್‌ಗೆ ಇಟ್ಟು ಇನ್ನೊಂದನ್ನು ಅಡಾಪ್ಟರ್ ಸಮೇತ ಪಕ್ಕದಲ್ಲೇ ಇಡ್ತೀನಿ. ಓಎನ್‌ಟಿಗೆ ನೇರ ಚುಚ್ಚೋ ಉಪಾಯ ತುಂಬ ಚೆನ್ನಾಗಿದೆ, ಹೊಳೆದೇ ಇರಲಿಲ್ಲ.

ಧಾರವಾಡ_ಪೇಡೆ

ನಾ ಐಎಸ್‌ಪಿ ಕಡೆ ಫೀಲ್ಡಿನ್ಯಾಗ ಕೆಲಸ ಮಾಡಾಂವ್ರಿ. ನಮ್ಮ ಕಡಿಂದ ಎರಡ ಮಾತು.

ಎರಡು ಡಬ್ಬಿ ಹಚ್ಚಾಕತ್ತೀವಿ ಅಂತ ಐಎಸ್‌ಪಿಗೆ ಮೊದಲ ಫೋನ್ ಮಾಡಿ ಹೇಳ್ರಿ. ಕೆಲವು ಕಡೆ ಪೋರ್ಟಿಗೆ ಒಂದ ಮ್ಯಾಕ್ ಅಂತ ಕೀಲಿ ಹಾಕಿರ್ತಾರ. ಕಾರ್ಪ್ ಹಾಕಿದ್ರ ಆ ವೈರಿನ ಮ್ಯಾಲೆ ಮೂರು ಮ್ಯಾಕ್ ಕಾಣತಾವ: ಎರಡು ಡಬ್ಬೀದು ಎರಡು, ಹಂಚಿಕೊಂಡಿದ್ದು ಒಂದು. ಪೋರ್ಟ್ ಬಂದ್ ಆಗಿ ಕುಂದರತೈತಿ, ನೀವು ಫೈರ್‌ವಾಲ್ ಬೈಕೊಂತ ಕುಂದರತೀರಿ.

ಎರಡನೇದು, ವಿಎಚ್‌ಐಡಿ, ಅಂದ್ರ ಕಾರ್ಪ್ ಗುಂಪಿನ ನಂಬರ್. ಕಾರ್ಪ್‌ನ ವರ್ಚುವಲ್ ಮ್ಯಾಕ್ ಮತ್ತ ವಿಆರ್‌ಆರ್‌ಪಿದು (ರೂಟರ್ ಜೋಡಿಗೆ ಇರೂ ಅಂಥದ್ದ ಪದ್ಧತಿ) ಒಂದ ಅಚ್ಚಿನ್ಯಾಗ ಎರಕ ಹೊಯ್ದದ್ದು, ಕೊನೀ ಭಾಗಷ್ಟ ಆ ನಂಬರ್ ಮ್ಯಾಲೆ ಬದಲಾಗತೈತಿ. ನಮ್ಮ ರೂಟರ್ ಜೋಡಿ ಆ ಕಡೆ ವಿಆರ್‌ಆರ್‌ಪಿ ನಂಬರ್ 1 ಇಟ್ಟಿದ್ದು, ನೀವೂ ವ್ಯಾನ್‌ಗೆ 1 ಅಂತ ಕೊಟ್ರ ಎರಡಕ್ಕೂ ಒಂದ ಮ್ಯಾಕ್! ಎಲ್ಲಾರೂ 1ರಿಂದನ ಚಾಲೂ ಮಾಡ್ತಾರಲ್ರಿ, ಅದಕ್ಕ ಹೇಳಿದೆ. 1ರಿಂದ 255ರ ತನಕ ಐತಿ, ಮಧ್ಯದಾಗಿಂದು ಯಾವುದರ ತಗೋರಿ.

ಹಳೇಕೇಬಲ್

ಪೇಡೆಯವರು ಹೇಳಿದ್ದಕ್ಕೆ ಹಿಂದೆ ಒಂದು ಕಥೆಯಿದೆ, ವಿಷಯಾಂತರ ಆದರೂ ಹೇಳ್ತೀನಿ. ರೂಟರ್ ಫೇಲೋವರ್‌ಗೆ ಸಿಸ್ಕೋದ ಎಚ್‌ಎಸ್‌ಆರ್‌ಪಿ ಇತ್ತು. 1998ರಲ್ಲಿ ವಿಆರ್‌ಆರ್‌ಪಿ ಬಂತು. ತಮ್ಮ ಪೇಟೆಂಟ್ ಅದಕ್ಕೂ ಅನ್ವಯಿಸುತ್ತೆ ಅನ್ನೋದು ಸಿಸ್ಕೋದವರ ನಿಲುವು. ಓಪನ್‌ಬಿಎಸ್‌ಡಿ ಅನ್ನೋ ಆಪರೇಟಿಂಗ್ ಸಿಸ್ಟಂನವರಿಗೆ ಅದು ಸರಿಬರಲಿಲ್ಲ, ತಾವೇ ಬೇರೆ ಥರ ಕಾರ್ಪ್ ಬರೆದರು. 2004ರ ಮೇ ತಿಂಗಳ ಓಪನ್‌ಬಿಎಸ್‌ಡಿ 3.5ರಲ್ಲಿ ಅದು ಹೊರಬಂತು. ಅಧಿಕೃತ ಪ್ರೋಟೋಕಾಲ್ ನಂಬರ್ ಸಿಗದೇ ಹೋದಾಗ ವಿಆರ್‌ಆರ್‌ಪಿಯ 112ನ್ನೇ ಹಿಡಿದುಕೊಂಡು ಕೂತರು. ಅದಕ್ಕೇ ಇವತ್ತಿಗೂ ಟಿಸಿಪಿಡಂಪ್‌ನಲ್ಲಿ (ಪ್ಯಾಕೆಟ್ ನೋಡೋ ಸಾಧನ) ನೋಡಿದರೆ ಕಾರ್ಪ್ ಪ್ಯಾಕೆಟ್ ವಿಆರ್‌ಆರ್‌ಪಿ ಅಂತ ಕಾಣುತ್ತೆ. ಎರಡು ಕಡೆಯವರ ಹಠಕ್ಕೆ ಇಪ್ಪತ್ತು ವರ್ಷ ಆದಮೇಲೂ ನಾವು ವಿಎಚ್‌ಐಡಿ ನಂಬರ್ ಹುಡುಕ್ತಾ ಇದ್ದೀವಿ.

ಆದರೂ ವರ್ಚುವಲ್ ಮ್ಯಾಕ್ ಇರೋದು ದೊಡ್ಡ ಅನುಕೂಲ. ಲಿನಕ್ಸ್‌ನಲ್ಲಿ ಕೀಪ್‌ಅಲೈವ್‌ಡಿ (ವಿಆರ್‌ಆರ್‌ಪಿ ನಡೆಸೋ ಪ್ರೋಗ್ರಾಂ) ಹಾಕಿದರೆ ಡಿಫಾಲ್ಟ್ ಆಗಿ ಐಪಿ ಮಾತ್ರ ಆ ಕಡೆ ಹೋಗುತ್ತೆ, ಮ್ಯಾಕ್ ಆಯಾ ಬಾಕ್ಸ್‌ದೇ. ಆಗ ಗ್ರಾಚುಯಟಸ್ ಎಆರ್‌ಪಿ ಕಳಿಸಿ ಎಲ್ಲರಿಗೂ "ವಿಳಾಸ ಬದಲಾಯ್ತು" ಅಂತ ಸಾರಬೇಕು. ಎದುರಿನ ರೂಟರ್ ಅದನ್ನು ಕಿವಿಗೆ ಹಾಕಿಕೊಳ್ಳದಿದ್ದರೆ ಹಳೇ ಮ್ಯಾಕ್‌ಗೇ ಕಳಿಸ್ತಾ ಇರುತ್ತೆ. ಯಾವ ಐಪಿಗೆ ಯಾವ ಮ್ಯಾಕ್ ಅಂತ ಸಿಸ್ಕೋ ರೂಟರ್ ನೆನಪಿಡೋ (ಎಆರ್‌ಪಿ) ಡಿಫಾಲ್ಟ್ ಅವಧಿ ನಾಲ್ಕು ಗಂಟೆ. ಕಾರ್ಪ್‌ನಲ್ಲಿ ಐಪಿ ಜೊತೆ ಮ್ಯಾಕ್ ಕೂಡ ಹೋಗೋದರಿಂದ ಐಎಸ್‌ಪಿ ರೂಟರ್‌ಗೆ ಬದಲಾದದ್ದೇ ಗೊತ್ತಾಗಲ್ಲ. ಸ್ವಿಚ್ ಮಾತ್ರ ಆ ಮ್ಯಾಕ್ ಈಗ ಬೇರೆ ಪೋರ್ಟ್‌ನಲ್ಲಿದೆ ಅಂತ ಮೊದಲ ಪ್ರಕಟಣೆ ನೋಡಿ ತಿಳ್ಕೊಳ್ಳುತ್ತೆ.

ಮಲೆನಾಡ್_ಲ್ಯಾಬ್

ಲ್ಯಾನ್ ಕಡೆ? ಎರಡು ಕೋರ್ ಸ್ವಿಚ್ ಇಟ್ಟರೆ ಪ್ರತಿ ಬಾಕ್ಸ್‌ನಿಂದ ಎರಡು ಸ್ವಿಚ್‌ಗೂ ಕೇಬಲ್ ಬೇಕಾ? ಹಾಸ್ಟೆಲ್, ಲ್ಯಾಬ್ ಬ್ಲಾಕ್‌ಗಳಿಂದ ಬರೋ ಫೈಬರ್ ತಲಾ ಒಂದೇ ಜೋಡಿ.

ಸವಿತಾ_ನೆಟ್

ಆ ಎರಡು ಸ್ವಿಚ್ ಸ್ಟ್ಯಾಕ್ ಆಗುವ (ಎರಡೂ ಸೇರಿ ಒಂದೇ ಸ್ವಿಚ್‌ನಂತೆ ನಡೆಯುವ) ಜಾತಿಯವಾದರೆ ಪ್ರತಿ ಬಾಕ್ಸ್‌ನಿಂದ ಎರಡಕ್ಕೂ ಒಂದೊಂದು ಕೇಬಲ್ ಹಾಕಿ ಎಲ್‌ಎಸಿಪಿಯಲ್ಲಿ (ಎರಡು ಕೇಬಲ್ ಒಂದೇ ಲಿಂಕ್ ಆಗುವ ವಿಧಾನ) ಕಟ್ಟಿ. ಆಗುವುದಿಲ್ಲ ಎಂದಾದರೆ ಸರಳವಾಗಿರಲಿ: ಮೊದಲ ಬಾಕ್ಸ್‌ನ ಲ್ಯಾನ್ ಮೊದಲ ಸ್ವಿಚ್‌ಗೆ, ಎರಡನೆಯದರದ್ದು ಎರಡನೇ ಸ್ವಿಚ್‌ಗೆ. ಸ್ವಿಚ್‌ಗಳ ನಡುವೆ ಟ್ರಂಕ್, ಅಂದರೆ ಹಲವು ವಿಲ್ಯಾನ್ ಒಟ್ಟಿಗೆ ಸಾಗಿಸುವ ಲಿಂಕ್. ಈ ಟ್ರಂಕ್ ಮಾತ್ರ ಎರಡು ಕೇಬಲ್‌ದಾಗಿರಲಿ. ಏಕೆಂದರೆ ಅದು ಕಡಿದರೆ ಎರಡು ಬಾಕ್ಸ್‌ಗೂ ಲ್ಯಾನ್ ಪೋರ್ಟ್‌ನಲ್ಲಿ ದೀಪ ಉರಿಯುತ್ತಿರುತ್ತದೆ, ಆದರೆ ಒಂದರ ಮಾತು ಇನ್ನೊಂದಕ್ಕೆ ಕೇಳಿಸುವುದಿಲ್ಲ. ಲ್ಯಾನ್‌ನಲ್ಲಿ ಇಬ್ಬರು ಮಾಸ್ಟರ್. ನೀವು ಮೊದಲು ಹೆದರಿದ್ದ ಜಗಳ ಕಾರ್ಪ್‌ನಲ್ಲಿ ಹುಟ್ಟುವುದು ಇಲ್ಲಿ, ಸಿಂಕ್ ಕೇಬಲ್‌ನಿಂದಲ್ಲ.

ಹೀಗೆ ಕಟ್ಟಿದರೆ ಮೊದಲ ಸ್ವಿಚ್ ಸತ್ತಾಗ ಮೊದಲ ಬಾಕ್ಸ್‌ನ ಲ್ಯಾನ್ ಲಿಂಕ್ ಹೋಗುತ್ತದೆ. ಪಿಎಫ್‌ಸೆನ್ಸ್‌ನಲ್ಲಿ ಪ್ರೀಎಂಪ್ಟ್ ಇರುವುದರಿಂದ ಒಂದು ಇಂಟರ್ಫೇಸ್ ಬಿದ್ದರೂ ಆ ಬಾಕ್ಸ್ ತನ್ನ ಎಲ್ಲ ವಿಳಾಸಗಳ ಮೇಲೂ ಹಿಂದೆ ಸರಿಯುತ್ತದೆ, ವ್ಯಾನ್, ಲ್ಯಾನ್ ಎರಡೂ ಒಟ್ಟಿಗೆ ಎರಡನೇ ಬಾಕ್ಸ್‌ಗೆ ಹೋಗುತ್ತವೆ. ವ್ಯಾನ್ ಒಂದರಲ್ಲಿ, ಲ್ಯಾನ್ ಇನ್ನೊಂದರಲ್ಲಿ ಎಂಬ ಎಡವಟ್ಟು ಆಗುವುದಿಲ್ಲ.

ಬ್ಲಾಕ್‌ಗಳ ಫೈಬರ್ ಒಂದೇ ಜೋಡಿ ಇರುವುದಕ್ಕೆ ಸದ್ಯಕ್ಕೆ ಮದ್ದಿಲ್ಲ. ಎರಡನೇ ಸ್ವಿಚ್‌ನಲ್ಲಿ ಅಷ್ಟೇ ಪೋರ್ಟ್‌ಗಳನ್ನು ಅದೇ ಕಾನ್ಫಿಗ್‌ನಲ್ಲಿ ಸಿದ್ಧವಾಗಿಟ್ಟು ಚೀಟಿ ಅಂಟಿಸಿ. ಮೊದಲನೆಯದು ಸತ್ತರೆ ಯಾರಾದರೂ ಪ್ಯಾಚ್ ಕಿತ್ತು ಪಕ್ಕದ್ದಕ್ಕೆ ಹಾಕಿದರಾಯಿತು. ಪರೀಕ್ಷಾ ವಿಭಾಗದ ಕಂಪ್ಯೂಟರ್‌ಗಳಿರುವ ಸ್ವಿಚ್‌ಗೆ ಮಾತ್ರ ಎರಡು ಕಡೆಗೂ ಕೇಬಲ್ ಎಳೆಯಿರಿ. ಪ್ಯಾಕೆಟ್‌ಗಳು ಸುತ್ತುತ್ತಲೇ ಇರದಂತೆ ಸ್ವಿಚ್‌ನ ಸ್ಪ್ಯಾನಿಂಗ್ ಟ್ರೀ ಒಂದನ್ನು ತಡೆದಿಟ್ಟುಕೊಂಡಿರುತ್ತದೆ.

ಹಳೇಕೇಬಲ್

ಕೇಬಲ್ ಮುಗೀತು ಅಂದ್ಕೊಂಡು ಸೆಟ್ಟಿಂಗ್‌ನಲ್ಲಿ ಜನ ಎಡವೋ ಜಾಗಗಳನ್ನೂ ಹೇಳಿಬಿಡ್ತೀನಿ.

ಔಟ್‌ಬೌಂಡ್ ನ್ಯಾಟ್, ಅಂದರೆ ಹೊರಹೋಗುವಾಗ ಒಳಗಿನ ಐಪಿಯನ್ನು ಹೊರಗಿನದಕ್ಕೆ ಬದಲಿಸೋದು. ಇದನ್ನು ಆಟೋಮ್ಯಾಟಿಕ್‌ನಲ್ಲೇ ಬಿಟ್ಟರೆ ಹೊರಹೋಗೋ ಟ್ರಾಫಿಕ್ ಎಲ್ಲ ಮೊದಲ ಬಾಕ್ಸ್‌ನ ಸ್ವಂತ ವ್ಯಾನ್ ಐಪಿಯಿಂದ ಹೋಗುತ್ತೆ. ಆ ಬಾಕ್ಸ್ ಸತ್ತ ಕ್ಷಣ ಉತ್ತರಗಳು ಸತ್ತವನ ವಿಳಾಸಕ್ಕೆ ಬರುತ್ತೆ. ಪಿಎಫ್‌ಸಿಂಕ್ ಕನೆಕ್ಷನ್ ಲೆಕ್ಕ ದಾಟಿಸಿದ್ದೂ ದಂಡ. ಮ್ಯಾನುಯಲ್ ಅಥವಾ ಹೈಬ್ರಿಡ್ ಮಾಡಿ, ಅನುವಾದದ ವಿಳಾಸ ಕಾರ್ಪ್ ಐಪಿ ಅಂತ ಕೊಡಿ. ಎಲ್ಲ ಸರಿಯಿದ್ದೂ ಫೇಲೋವರ್‌ನಲ್ಲಿ ಕನೆಕ್ಷನ್ ಕಡಿಯುತ್ತೆ ಅಂತ ಬರೋ ದೂರಿನಲ್ಲಿ ನಾನು ಮೊದಲು ನೋಡೋದು ಇದನ್ನೇ.

ತಾನಾಗಿ ಐಪಿ ಹಂಚೋ ಡಿಎಚ್‌ಸಿಪಿಯಲ್ಲಿ ಗೇಟ್‌ವೇ ಮತ್ತು ಡಿಎನ್‌ಎಸ್ ಎರಡೂ ಆಯಾ ವಿಲ್ಯಾನ್‌ನ ಕಾರ್ಪ್ ಐಪಿ ಇರಬೇಕು. ಕೈಯಿಂದ ಐಪಿ ಕೊಟ್ಟಿರೋ ಪ್ರಿಂಟರ್, ಕ್ಯಾಮೆರಾ ಡಿವಿಆರ್‌ಗಳನ್ನು ಮರೀಬೇಡಿ. ಸುಲಭದ ಉಪಾಯ: ಈಗ ಗೇಟ್‌ವೇ ಆಗಿರೋ ಐಪಿಯನ್ನೇ ಕಾರ್ಪ್ ಐಪಿ ಮಾಡಿ, ಬಾಕ್ಸ್‌ಗಳಿಗೆ ಹೊಸ ಐಪಿ ಕೊಡಿ. ಯಾವ ಸಾಧನವನ್ನೂ ಮುಟ್ಟಬೇಕಾಗಿಲ್ಲ.

ಎಕ್ಸ್‌ಎಂಎಲ್‌ಆರ್‌ಪಿಸಿ ಸಿಂಕ್ ಮೊದಲ ಬಾಕ್ಸ್‌ನಿಂದ ಎರಡನೆಯದಕ್ಕೆ ಮಾತ್ರ. ಎರಡನೆಯದರಲ್ಲಿ ವಾಪಸ್ ಮೊದಲನೆಯದರ ವಿಳಾಸ ಹಾಕಿದರೆ ಇಬ್ಬರೂ ಒಬ್ಬರಿಗೊಬ್ಬರು ಕಳಿಸ್ತಾನೇ ಇರ್ತಾರೆ.

ಎರಡೂ ಬಾಕ್ಸ್‌ನಲ್ಲಿ ಪೋರ್ಟ್‌ಗಳ ಕ್ರಮ ಒಂದೇ ಇರಲಿ. ಒಂದರಲ್ಲಿ ವ್ಯಾನ್ ಮೊದಲನೇ ಪೋರ್ಟ್, ಇನ್ನೊಂದರಲ್ಲಿ ಮೂರನೇದು ಅಂತ ಆದರೆ ದಾಟಿಬಂದ ಕನೆಕ್ಷನ್ ಲೆಕ್ಕ ತಾಳೆ ಆಗಲ್ಲ. ನಿಮ್ಮದು ಒಂದೇ ಮಾಡೆಲ್, ಈ ತಲೆನೋವು ಇಲ್ಲ. ಬೇರೆ ಬೇರೆ ಬಾಕ್ಸ್ ಇದ್ದವರು ಒಂದೊಂದು ಪೋರ್ಟನ್ನೇ ಲ್ಯಾಗ್ (ಪೋರ್ಟ್ ಗುಂಪು) ಒಳಗೆ ಹಾಕಿ ಹೆಸರು ಸರಿಹೊಂದಿಸಿಕೊಳ್ಳಬಹುದು.

ವಿಪಿಎನ್ ಇದ್ದರೆ ಅದನ್ನೂ ಕಾರ್ಪ್ ಐಪಿ ಮೇಲೆ ಕೂರಿಸಿ. ಓಪನ್‌ವಿಪಿಎನ್ ಸೆಷನ್ ದಾಟಲ್ಲ, ಬಳಸೋರ ಕಡೆಯಿಂದ ಮತ್ತೆ ಕನೆಕ್ಟ್ ಆಗಬೇಕು.

ಕುಡ್ಲ_ರೂಟರ್

ಯುಪಿಎಸ್ ಬಗ್ಗೆ ಯಾರೂ ಮುಂದೆ ಮಾತಾಡಲಿಲ್ಲವಲ್ಲ. ಎರಡು ಬಾಕ್ಸನ್ನೂ ಒಂದೇ ಯುಪಿಎಸ್‌ಗೆ ಹಾಕಿದರೆ ಅದು ಕೈಕೊಟ್ಟ ದಿನ ಎರಡೂ ಒಟ್ಟಿಗೆ ಮಲಗ್ತದೆ. ಸಣ್ಣದೊಂದು ತೆಗೆದುಕೊಳ್ಳಿ, ಎರಡನೇ ಬಾಕ್ಸ್, ಎರಡನೇ ಸ್ವಿಚ್, ಓಎನ್‌ಟಿ ಅದರಲ್ಲಿರಲಿ. ನಿಮ್ಮ ಕಡೆಯ ಸಿಡಿಲಿಗೆ ಇದೂ ಸಾಲದು. ನಮ್ಮ ಕರಾವಳಿಯಲ್ಲೂ ನೋಡಿದ್ದೇನೆ, ಸಿಡಿಲು ಕರೆಂಟಿನ ವೈರಿನಿಂದ ಮಾತ್ರ ಬರುವುದಲ್ಲ, ಕಟ್ಟಡದಿಂದ ಕಟ್ಟಡಕ್ಕೆ ಎಳೆದ ತಾಮ್ರದ ನೆಟ್‌ವರ್ಕ್ ಕೇಬಲಿನಿಂದಲೂ ಬರ್ತದೆ. ಗೇಟಿನ ಹತ್ತಿರದ ಕ್ಯಾಮೆರಾಕ್ಕೆ ಹೋದ ಕೇಬಲ್ ನೋಡಿ ಒಮ್ಮೆ.

ಮಲೆನಾಡ್_ಲ್ಯಾಬ್

ಹೌದು ಸರ್, ಗೇಟಿನ ಕ್ಯಾಮೆರಾ ತಾಮ್ರವೇ, ಬಯಲಿನಲ್ಲಿ ಹೋಗಿದೆ. ಅದಕ್ಕೆ ಫೈಬರ್ ಹಾಕಿಸೋಕೆ ಪತ್ರ ಕೊಟ್ಟೆ. ಅರ್ಥಿಂಗ್ ಪರೀಕ್ಷೆಗೆ ಎಲೆಕ್ಟ್ರಿಕಲ್ ವಿಭಾಗದವರಿಗೇ ಹೇಳಿದ್ದೀನಿ, ಹುಡುಗರಿಗೂ ಒಂದು ಪ್ರಾಕ್ಟಿಕಲ್ ಆಗುತ್ತೆ ಅಂದರು.

ಕೇಬಲಿಂಗ್, ಕಾರ್ಪ್ ಎಲ್ಲ ಮುಗಿಸಿದೆ. ಒಂದು ವಿಚಿತ್ರ ಇದೆ. ವ್ಯಾನ್, ಆಫೀಸ್, ಲ್ಯಾಬ್, ಸಿಸಿಟಿವಿ ಎಲ್ಲದರಲ್ಲೂ ಮೊದಲ ಬಾಕ್ಸ್ ಮಾಸ್ಟರ್, ಎರಡನೆಯದು ಬ್ಯಾಕಪ್. ಹಾಸ್ಟೆಲ್ ವಿಲ್ಯಾನ್ ಮಾತ್ರ ಎರಡರಲ್ಲೂ ಮಾಸ್ಟರ್ ಅಂತ ತೋರಿಸ್ತಿದೆ. ಹಾಸ್ಟೆಲ್ ಹುಡುಗರಿಂದ ಇನ್ನೂ ದೂರು ಬಂದಿಲ್ಲ, ಅದೇ ಆಶ್ಚರ್ಯ.

ಧಾರವಾಡ_ಪೇಡೆ

ಐಜಿಎಂಪಿ ಸ್ನೂಪಿಂಗ್ ನೋಡ್ರಿ, ಅಂದ್ರ ಮಲ್ಟಿಕಾಸ್ಟ್ (ಗುಂಪಿಗೆ ಕಳಿಸೂ) ಪ್ಯಾಕೆಟ್ ಕೇಳಿದವರಿಗಷ್ಟ ಸ್ವಿಚ್ ಕೊಡೂದು. ಕಾರ್ಪ್ ಪ್ರಕಟಣೆ 224.0.0.18ಕ್ಕ ಹೋಗೂದು, ಮಲ್ಟಿಕಾಸ್ಟ್. ಆ ಸಾಲಿನ ವಿಳಾಸ ಸ್ವಿಚ್ ತಡೀಬಾರದು ಖರೆ, ಆದ್ರ ಕೆಲವು ಸ್ವಿಚ್‌ಗೆ ಅಷ್ಟು ಬುದ್ಧಿ ಇರಂಗಿಲ್ಲ.

ಸವಿತಾ_ನೆಟ್

ಸ್ನೂಪಿಂಗ್ ಎಲ್ಲ ವಿಲ್ಯಾನ್‌ಗೂ ಒಂದೇ ಥರ ಹಾಕಿದ್ದರೆ ಒಂದು ಮಾತ್ರ ಕೆಡುವ ಸಾಧ್ಯತೆ ಕಡಿಮೆ. ಒಂದೇ ವಿಲ್ಯಾನ್ ಎಂದರೆ ನಾನು ಟ್ರಂಕ್ ಮೇಲೆ ಅನುಮಾನ ಪಡುತ್ತೇನೆ. ಎರಡನೇ ಬಾಕ್ಸ್‌ನಲ್ಲಿ ಹಾಸ್ಟೆಲ್ ಇಂಟರ್ಫೇಸ್ ಮೇಲೆ ಪ್ಯಾಕೆಟ್ ಕ್ಯಾಪ್ಚರ್ ಓಡಿಸಿ. ಮೊದಲ ಬಾಕ್ಸ್‌ನ ಪ್ರಕಟಣೆ ಸೆಕೆಂಡಿಗೊಂದು ಬರಬೇಕು. ಬರುತ್ತಿಲ್ಲ, ಹಾಸ್ಟೆಲ್‌ನ ಇತರ ಬ್ರಾಡ್‌ಕಾಸ್ಟ್ ಕೂಡ ಕಾಣುತ್ತಿಲ್ಲ ಎಂದಾದರೆ ಆ ವಿಲ್ಯಾನ್ ಅಲ್ಲಿಯವರೆಗೆ ತಲುಪಿಯೇ ಇಲ್ಲ. ಬ್ರಾಡ್‌ಕಾಸ್ಟ್ ಕಂಡು ಕಾರ್ಪ್ ಮಾತ್ರ ಇಲ್ಲ ಎಂದಾದರೆ ಪೇಡೆಯವರು ಹೇಳಿದ್ದು. ಎರಡೂ ಕಂಡರೆ ಕಾರ್ಪ್ ಪಾಸ್‌ವರ್ಡ್ ಅಥವಾ ವಿಎಚ್‌ಐಡಿ ತಾಳೆಯಾಗುತ್ತಿಲ್ಲ.

ದೂರು ಬಾರದಿರುವುದಕ್ಕೂ ಇದೇ ಕಾರಣವಿರಬಹುದು. ಎರಡನೇ ಬಾಕ್ಸ್ ಮಾಸ್ಟರ್ ಎಂದು ಎಷ್ಟು ಕೂಗಿದರೂ ಹಾಸ್ಟೆಲ್‌ಗೆ ಅದು ಕೇಳಿಸುವುದೇ ಇಲ್ಲವಲ್ಲ.

ಮಲೆನಾಡ್_ಲ್ಯಾಬ್

ಮೇಡಂ ಹೇಳಿದ್ದೇ. ಕ್ಯಾಪ್ಚರ್ ಪೂರ್ತಿ ಖಾಲಿ. ಮೊದಲ ಸ್ವಿಚ್‌ನ ಟ್ರಂಕ್‌ನಲ್ಲಿ ಅನುಮತಿಸಿದ ವಿಲ್ಯಾನ್ ಪಟ್ಟಿಯಲ್ಲಿ ಹಾಸ್ಟೆಲ್ ಇರಲೇ ಇಲ್ಲ. ಹಿಂದೆ ಸ್ವಿಚ್ ಹಾಕಿಕೊಟ್ಟವರು ಆ ಪಟ್ಟಿ ಬರೆದಾಗ ಹಾಸ್ಟೆಲ್‌ಗೆ ನೆಟ್ ಇರಲಿಲ್ಲವಂತೆ. ಸೇರಿಸಿದ ಮರುಕ್ಷಣ ಎರಡನೇ ಬಾಕ್ಸ್ ಬ್ಯಾಕಪ್ ಆಯ್ತು.

ಹಳೇಕೇಬಲ್

ಇದನ್ನು ಹಾಗೇ ಬಿಟ್ಟಿದ್ದರೆ ಮೊದಲ ಬಾಕ್ಸ್ ಸತ್ತ ದಿನ ಹಾಸ್ಟೆಲ್ ಮಾತ್ರ ಕತ್ತಲು. ಡ್ಯಾಶ್‌ಬೋರ್ಡ್‌ನಲ್ಲಿ ಎಲ್ಲ ಹಸಿರು. ಈಗ ಪರೀಕ್ಷೆ ಮಾಡಿ. ವೆಬ್ ಪುಟದಲ್ಲಿ ಮೇಂಟೆನೆನ್ಸ್ ಮೋಡ್ ಒತ್ತಿ ನೋಡೋದು ಪರೀಕ್ಷೆ ಅಲ್ಲ, ಅದರಲ್ಲಿ ಮಾಸ್ಟರ್ ತಾನೇ ಹೇಳಿ ಬಿಟ್ಟುಕೊಡುತ್ತೆ. ನಿಜವಾಗಿ ಪವರ್ ಕೇಬಲ್ ಕೀಳಿ. ಆಮೇಲೆ ವ್ಯಾನ್ ಕೇಬಲ್, ಲ್ಯಾನ್ ಕೇಬಲ್, ಸಿಂಕ್ ಕೇಬಲ್, ಒಂದೊಂದಾಗಿ. ಒಂದು ಲ್ಯಾಪ್‌ಟಾಪ್‌ನಲ್ಲಿ ಪಿಂಗ್, ಇನ್ನೊಂದರಲ್ಲಿ ದೊಡ್ಡ ಡೌನ್‌ಲೋಡ್ ಓಡ್ತಾ ಇರಲಿ. ಮೊದಲ ಬಾಕ್ಸ್ ವಾಪಸ್ ಎದ್ದಾಗ ಏನಾಗುತ್ತೆ ಅಂತ ಖಂಡಿತ ನೋಡಿ. ಹೆಚ್ಚಿನವರು ಅಲ್ಲಿವರೆಗೆ ಕಾಯೋದೇ ಇಲ್ಲ, ಚಹಾ ಕುಡಿಯೋಕೆ ಹೋಗ್ತಾರೆ.

ಮಲೆನಾಡ್_ಲ್ಯಾಬ್

ಭಾನುವಾರ ಮಾಡಿದೆ. ಪವರ್ ಕಿತ್ತಾಗ ಮೂರ್ನಾಲ್ಕು ಪಿಂಗ್ ಹೋಯ್ತು, ಡೌನ್‌ಲೋಡ್ ಸ್ವಲ್ಪ ತಡವರಿಸಿ ಅಲ್ಲಿಂದಲೇ ಮುಂದುವರೀತು. ಲ್ಯಾನ್ ಕೇಬಲ್ ಕಿತ್ತಾಗಲೂ ಹಾಗೇ. ಸಿಂಕ್ ಕೇಬಲ್ ಕಿತ್ತಾಗ ಏನೂ ಆಗಲಿಲ್ಲ. ಲೀಸ್ಡ್ ಲೈನ್‌ನ ಸಣ್ಣ ಸ್ವಿಚ್ ಆಫ್ ಮಾಡಿದಾಗ ಬಾಕ್ಸ್ ಬದಲಾಗಲಿಲ್ಲ, ಟ್ರಾಫಿಕ್ ಬ್ರಾಡ್‌ಬ್ಯಾಂಡ್‌ಗೆ ಹೋಯ್ತು. ಇದು ಸರಿ ತಾನೆ?

ಆದರೆ ಮೊದಲ ಬಾಕ್ಸ್ ವಾಪಸ್ ಎದ್ದಾಗ ಅರ್ಧ ನಿಮಿಷ ನೆಟ್ ಪೂರ್ತಿ ನಿಂತಿತು. ಹೋಗುವಾಗ ಮೂರು ಸೆಕೆಂಡ್, ಬರುವಾಗ ಮೂವತ್ತು. ಇದು ಯಾವ ನ್ಯಾಯ?

ಸವಿತಾ_ನೆಟ್

ಸ್ವಿಚ್ ಆಫ್ ಆದಾಗ ಬಾಕ್ಸ್ ಬದಲಾಗದೇ ಇದ್ದದ್ದು ಸರಿ. ಎರಡು ಬಾಕ್ಸ್‌ಗೂ ಆ ಲೈನ್ ಒಟ್ಟಿಗೆ ಹೋಗಿದೆ, ಆ ಕಡೆಗೆ ಹಾರಿದರೂ ಏನೂ ಸಿಗುವುದಿಲ್ಲ. ಲೈನ್ ಬದಲಿಸುವುದು ಗೇಟ್‌ವೇ ಗ್ರೂಪ್‌ನ ಕೆಲಸ, ಬಾಕ್ಸ್ ಬದಲಿಸುವುದು ಕಾರ್ಪ್‌ನ ಕೆಲಸ. ಹೋಗುವಾಗಿನ ಮೂರು ಚಿಲ್ಲರೆ ಸೆಕೆಂಡಿಗೂ ಲೆಕ್ಕವಿದೆ: ಬ್ಯಾಕಪ್ ಮೂರು ಪ್ರಕಟಣೆಯಷ್ಟು ಹೊತ್ತು ಕಾಯುತ್ತದೆ, ಅದಕ್ಕೆ ತನ್ನ ಸ್ಕ್ಯೂ (ಆದ್ಯತೆಯ ಅಂಕೆ) 100 ಅನ್ನು 256ರಿಂದ ಭಾಗಿಸಿದಷ್ಟು ಸೇರುತ್ತದೆ, ಸುಮಾರು 3.4 ಸೆಕೆಂಡ್.

ಮೂವತ್ತು ಸೆಕೆಂಡ್ ಸ್ಪ್ಯಾನಿಂಗ್ ಟ್ರೀಯದು. ಬಾಕ್ಸ್ ಎದ್ದಾಗ ಅದರ ಲ್ಯಾನ್ ಪೋರ್ಟ್ ಹೊಸದಾಗಿ ಅಪ್ ಆಗುತ್ತದೆ. ಸ್ವಿಚ್ ಆ ಪೋರ್ಟನ್ನು 15 ಸೆಕೆಂಡ್ ಲಿಸನಿಂಗ್, 15 ಸೆಕೆಂಡ್ ಲರ್ನಿಂಗ್‌ನಲ್ಲಿ ಹಿಡಿದಿಡುತ್ತದೆ. ಬಾಕ್ಸ್‌ಗೆ ಲ್ಯಾನ್‌ನಲ್ಲಿ ಯಾರ ಪ್ರಕಟಣೆಯೂ ಕೇಳಿಸುವುದಿಲ್ಲ, ತಾನೇ ಮಾಸ್ಟರ್ ಎಂದುಕೊಳ್ಳುತ್ತದೆ. ವ್ಯಾನ್ ಕಡೆ ನಿಮ್ಮ ಸಣ್ಣ ಸ್ವಿಚ್‌ಗೆ ಸ್ಪ್ಯಾನಿಂಗ್ ಟ್ರೀಯೇ ಇಲ್ಲ, ಅಲ್ಲಿ ಕೂಡಲೇ ಮಾಸ್ಟರ್‌ಗಿರಿ ಕಿತ್ತುಕೊಳ್ಳುತ್ತದೆ. ಅರ್ಧ ನಿಮಿಷ ವ್ಯಾನ್ ಇಲ್ಲಿ, ಲ್ಯಾನ್ ಅಲ್ಲಿ. ಬಾಕ್ಸ್‌ಗಳಿಗೆ ಹೋಗುವ ಲ್ಯಾನ್ ಪೋರ್ಟ್‌ಗಳಲ್ಲಿ ಪೋರ್ಟ್‌ಫಾಸ್ಟ್ (ಈ ಕಾಯುವಿಕೆಯನ್ನು ಬಿಟ್ಟುಬಿಡುವ ಆಯ್ಕೆ) ಹಾಕಿ. ಅದು ಟ್ರಂಕ್ ಪೋರ್ಟ್ ಆಗಿರುವುದರಿಂದ ಕೆಲವು ಸ್ವಿಚ್‌ಗಳಲ್ಲಿ ಟ್ರಂಕ್‌ಗೆಂದೇ ಬೇರೆ ಆಯ್ಕೆ ಇರುತ್ತದೆ, ಮಾಮೂಲಿ ಪೋರ್ಟ್‌ಫಾಸ್ಟ್ ಅಲ್ಲಿ ಕೆಲಸ ಮಾಡದು.

ಮಲೆನಾಡ್_ಲ್ಯಾಬ್

ಟ್ರಂಕ್ ಆಯ್ಕೆ ಹಾಕಿದೆ. ಈಗ ವಾಪಸ್ ಬರುವಾಗ ಒಂದು ಪಿಂಗ್ ಹೋದರೆ ಹೋಯ್ತು, ಇಲ್ಲದಿದ್ದರೆ ಅದೂ ಇಲ್ಲ.

ಕುಡ್ಲ_ರೂಟರ್

ಲಾಗ್ ಎರಡು ಬಾಕ್ಸಿನದ್ದೂ ಹೊರಗಿನ ಒಂದು ಸರ್ವರ್‌ಗೆ ಕಳಿಸಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ 180 ದಿನದ ಲಾಗ್ ಇಡಬೇಕು, ಗಡಿಯಾರವನ್ನು ಎನ್‌ಐಸಿ ಅಥವಾ ಎನ್‌ಪಿಎಲ್ ಸರ್ವರ್‌ಗೆ ಹೊಂದಿಸಬೇಕು ಅಂತ ಉಂಟು. ಫೇಲೋವರ್ ಆದ ಹೊತ್ತಿನ ಲಾಗ್ ಅರ್ಧ ಇಲ್ಲಿ ಅರ್ಧ ಅಲ್ಲಿ ಇರ್ತದೆ, ಎರಡರ ಗಡಿಯಾರ ಬೇರೆ ಬೇರೆ ಆದರೆ ಆಮೇಲೆ ಜೋಡಿಸಲಿಕ್ಕೆ ಆಗುವುದಿಲ್ಲ.

ಮಲೆನಾಡ್_ಲ್ಯಾಬ್

ಆಯ್ತು ಸರ್, ಮಾಡ್ತೀನಿ. ಕೊನೇ ಪ್ರಶ್ನೆ, ಅಪ್‌ಡೇಟ್ ಬಂದಾಗ ಯಾವ ಬಾಕ್ಸ್ ಮೊದಲು?

ಸವಿತಾ_ನೆಟ್

ಎರಡನೆಯದು ಮೊದಲು. ಅದು ಎದ್ದು ಎಲ್ಲ ಸರಿಯಿದೆ ಎಂದು ಖಚಿತವಾದ ಮೇಲೆ ಮೊದಲನೆಯದನ್ನು ಮೇಂಟೆನೆನ್ಸ್ ಮೋಡ್‌ಗೆ ಹಾಕಿ, ಟ್ರಾಫಿಕ್ ಆ ಕಡೆ ಹೋಗಲಿ. ಸ್ವಲ್ಪ ಹೊತ್ತು ಹೊಸ ಆವೃತ್ತಿಯ ಮೇಲೆ ಕಾಲೇಜು ಓಡಲಿ. ಕೆಟ್ಟರೆ ಹಳೆಯದು ಹಾಗೇ ಇದೆ, ಮೋಡ್ ತೆಗೆದರೆ ವಾಪಸ್. ಎಲ್ಲ ಸರಿಯಾದರೆ ಮೊದಲನೆಯದನ್ನೂ ಅಪ್‌ಡೇಟ್ ಮಾಡಿ. ಎರಡರ ಆವೃತ್ತಿ ಬೇರೆ ಇರುವಷ್ಟು ಹೊತ್ತು ಪಿಎಫ್‌ಸಿಂಕ್ ಹೊಂದಿಕೊಳ್ಳದೆಯೂ ಇರಬಹುದು, ಹಾಗಾಗಿ ಪರೀಕ್ಷೆಯಿಲ್ಲದ ದಿನ, ಸಂಜೆಯ ಮೇಲೆ. ಆ ಅವಧಿಯಲ್ಲಿ ರೂಲ್ ಬದಲಿಸಲೂ ಹೋಗಬೇಡಿ.

ಶುರು ಮಾಡುವ ಮೊದಲು ಎರಡು ಬಾಕ್ಸ್‌ನ ಕಾನ್ಫಿಗ್ ಬ್ಯಾಕಪ್ ಬೇರೆ ಬೇರೆ ತೆಗೆದು ಹೆಸರು ಬರೆದಿಡಿ. ಇಂಟರ್ಫೇಸ್‌ನ ಸ್ವಂತ ಐಪಿಗಳು ಸಿಂಕ್ ಆಗುವುದಿಲ್ಲ. ಒಂದರ ಬ್ಯಾಕಪ್ ಇನ್ನೊಂದಕ್ಕೆ ಹಾಕಿದರೆ ಎರಡೂ ಒಂದೇ ಐಪಿ ಹಿಡಿದು ಕೂರುತ್ತವೆ.